ಪೇಟೆಯ ಇಲಿ, ಗುಹೆಯ ಬಾವಲಿ: ಬೆಳಗಾವಿ ಸೀಮೆಯ ಎಣಿಕೆಯ ಚರಿತ್ರೆ

ಚರಿತ್ರೆ ಎಂದರೆ ನಮ್ಮಲ್ಲಿ ಹೆಚ್ಚಾಗಿ ಅರಸರ ಚರಿತ್ರೆ. ಬೆಳಗಾವಿಯ ಮಾತು ಬಂದರೆ ರಟ್ಟರು, ಬಿಜಾಪುರದ ಆದಿಲಶಾಹಿಗಳು, ಮರಾಠರು, ಕಿತ್ತೂರಿನ ಚನ್ನಮ್ಮ, ಆಮೇಲೆ ಇಂಗ್ಲಿಷರು ಎಂದು ಸಾಲು ಹಿಡಿದು ಹೇಳುತ್ತೇವೆ. ಖಾನಾಪುರದ ಮಾತು ಬಂದರೆ ಭೀಮಗಡದ ಕೋಟೆ ನೆನಪಾಗುತ್ತದೆ. ಆದರೆ ಈ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ. ಇಲ್ಲಿ ಎಷ್ಟು ಜನ ಹುಟ್ಟಿದರು, ಎಷ್ಟು ಜನ ಬರದಲ್ಲಿ ಅಳಿದರು, ಪೇಟೆಯ ಇಲಿಗಳು ಯಾವಾಗ ಸತ್ತವು, ಕಾಡಿನ ಹುಲಿ ಎಲ್ಲಿಂದ ಬಂತು, ಗುಹೆಯೊಂದರ ಬಾವಲಿಗಳು ಹೇಗೆ ಉಳಿದವು ಎಂಬ ಚರಿತ್ರೆ ಅದು. ಇದನ್ನು ಓದಲು ಶಾಸನ, ಬಖೈರುಗಳ ಜೊತೆಗೆ ಲೆಕ್ಕದ ಪುಸ್ತಕವೂ ಬೇಕು.

ಜೀವಿಗಳ ಸಂಖ್ಯೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂದು ವಿಚಾರಿಸುವ ಶಾಸ್ತ್ರವನ್ನು ಜೀವಿಸಂಖ್ಯಾ ಪರಿಸರ ವಿಜ್ಞಾನ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಅದರ ಬುನಾದಿ ಸರಳ. ಒಂದು ಪ್ರದೇಶದಲ್ಲಿ ಬದುಕುವ, ತಮ್ಮೊಳಗೆ ಸಂತಾನ ಪಡೆಯುವ ಒಂದೇ ಜಾತಿಯ ಜೀವಿಗಳ ಗುಂಪಿಗೆ ನಾಲ್ಕು ಬಾಗಿಲುಗಳಿವೆ. ಹುಟ್ಟು ಮತ್ತು ವಲಸೆ ಬರುವುದು ಒಳಬರುವ ಬಾಗಿಲುಗಳು. ಸಾವು ಮತ್ತು ವಲಸೆ ಹೋಗುವುದು ಹೊರಹೋಗುವ ಬಾಗಿಲುಗಳು. ಇಲಿಯಿರಲಿ, ಹುಲಿಯಿರಲಿ, ಮನುಷ್ಯನಿರಲಿ, ಸಂಖ್ಯೆಯ ಏರಿಳಿತವೆಲ್ಲ ಈ ನಾಲ್ಕು ಬಾಗಿಲುಗಳಲ್ಲೇ ನಡೆಯಬೇಕು. ಐದನೆಯ ಬಾಗಿಲು ಇಲ್ಲ. ಯಾವ ಬಾಗಿಲು ಯಾವಾಗ, ಏಕೆ ತೆರೆಯುತ್ತದೆ ಎಂಬುದೇ ಈ ಶಾಸ್ತ್ರದ ಪ್ರಶ್ನೆ.

ಹಳೆಯ ಪ್ರಶ್ನೆ

ಈ ಪ್ರಶ್ನೆ ಯುರೋಪಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಸುಮಾರು 1030ರಲ್ಲಿ ಹಿಂದುಸ್ತಾನದ ಕುರಿತ ತನ್ನ ಗ್ರಂಥವನ್ನು ಮುಗಿಸಿದ ಅಲ್‌ಬಿರೂನಿ, ವಾಸುದೇವ ಮತ್ತು ಭಾರತ ಯುದ್ಧದ ಕಥೆಗೆ ಬಂದಾಗ ಸ್ವಲ್ಪ ನಿಂತು ಯೋಚಿಸುತ್ತಾನೆ. ಭೂಭಾರ ಇಳಿಸಲು ದೇವರು ಅವತರಿಸುತ್ತಾನೆ ಎಂಬ ಪುರಾಣದ ಮಾತು ಅವನಿಗೆ ಬರೀ ಕಥೆಯಾಗಿ ಕಾಣಲಿಲ್ಲ. ಬಿತ್ತನೆ ಮತ್ತು ಸಂತಾನ ಕಾಲ ಕಳೆದಂತೆ ಎಲ್ಲೆಯಿಲ್ಲದೆ ಹೆಚ್ಚುತ್ತ ಹೋಗುತ್ತವೆ, ಭೂಮಿಗೋ ಎಲ್ಲೆಯಿದೆ ಎಂಬುದು ಅವನ ವಾದ. ರೈತ ಕಳೆ ಕೀಳುವುದನ್ನೂ ಅವನು ಅಲ್ಲಿ ಉದಾಹರಣೆಯಾಗಿ ತರುತ್ತಾನೆ.

1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್‌ಗೆ ಈ ಪ್ರಶ್ನೆ ಮನೆಯ ದುಃಖವೂ ಆಗಿತ್ತು. ಟ್ಯುನಿಸ್ ನಗರಕ್ಕೆ ಬಡಿದ ಮಹಾ ಪ್ಲೇಗಿನಲ್ಲಿ ಅವನ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಜನ ಒತ್ತಾಗಿ ತುಂಬಿದ ನಗರಗಳಲ್ಲಿ, ಪೂರ್ವದಲ್ಲಿ ಕೈರೋ ಪಶ್ಚಿಮದಲ್ಲಿ ಫೆಜ್‌ನಂತಹ ಊರುಗಳಲ್ಲಿ, ಸಾಂಕ್ರಾಮಿಕ ಪದೇ ಪದೇ ಬರುತ್ತದೆ, ಆದ್ದರಿಂದ ವಸತಿಗಳ ನಡುವೆ ಬಯಲು ಬಿಡಬೇಕು ಎಂದು ಅವನು ಬರೆದ. ರೋಗ ಕೆಟ್ಟ ಗಾಳಿಯಿಂದ ಬರುತ್ತದೆಂಬ ಅವನ ನಂಬಿಕೆ ತಪ್ಪಾಗಿತ್ತು. ದಟ್ಟಣೆಗೂ ಸಾವಿಗೂ ನಂಟಿದೆ ಎಂಬ ಅವನ ಗ್ರಹಿಕೆ ಮಾತ್ರ ಸರಿಯಾಗಿತ್ತು. ಇಂದು ‘ದಟ್ಟಣೆಯನ್ನು ಅವಲಂಬಿಸಿದ ನಿಯಂತ್ರಣ’ ಎಂದು ಪಠ್ಯಪುಸ್ತಕಗಳು ಹೇಳುವುದು ಇದರ ಮುಂದುವರಿಕೆಯನ್ನೇ.

ಇಂಗ್ಲೆಂಡಿನ ಮಾಲ್ಥಸ್ 1798ರಲ್ಲಿ ಜನಸಂಖ್ಯೆ ಗುಣಾಕಾರದಲ್ಲಿ ಬೆಳೆಯುತ್ತದೆ, ಆಹಾರ ಸಂಕಲನದಲ್ಲಿ ಬೆಳೆಯುತ್ತದೆ ಎಂದ. ಬೆಲ್ಜಿಯಮ್ಮಿನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲಿ ಇದನ್ನು ಗೆರೆಯಾಗಿ ಎಳೆದು ತೋರಿಸಿದ. ಸಂಖ್ಯೆ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಏರುತ್ತದೆ. ಇರುವ ಅನ್ನ, ಜಾಗ ಎರಡೂ ಹಂಚಿಹೋದಂತೆ ಏರಿಕೆ ಮಂದವಾಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟಕ್ಕೆ ಇಂದು ‘ಧಾರಣಾ ಸಾಮರ್ಥ್ಯ’ ಎಂಬ ಹೆಸರು. ನಮ್ಮ ನೆಲಕ್ಕೂ ಈ ಗೆರೆಗೂ ಒಂದು ನಂಟಿದೆ. ಕಸೌಲಿಯಲ್ಲಿ ಕೆಲಸ ಮಾಡುತ್ತಿದ್ದ ಮೆಕೆಂಡ್ರಿಕ್ ಎಂಬ ಸೇನಾ ವೈದ್ಯ, ಎಂ. ಕೇಶವ ಪೈ ಅವರೊಡನೆ ಸೇರಿ 1911ರಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಇದೇ ಗೆರೆಯನ್ನು ಅನ್ವಯಿಸಿದ. ಅಮೆರಿಕದ ಪರ್ಲ್ ಮತ್ತು ರೀಡ್ 1920ರಲ್ಲಿ ಅದನ್ನು ಜಗತ್ಪ್ರಸಿದ್ಧಗೊಳಿಸುವ ಮೊದಲೇ ಈ ಕೆಲಸ ಹಿಂದುಸ್ತಾನದಲ್ಲಿ ನಡೆದಿತ್ತು.

ನಾಲ್ಕು ಖಾನೆಸುಮಾರಿಗಳು

ಈಗ ಬೆಳಗಾವಿಗೆ ಬರೋಣ. ಇಂಗ್ಲಿಷ್ ಆಡಳಿತ ಜನರನ್ನು ಎಣಿಸಲು ಆರಂಭಿಸಿದ ಮೇಲೆ ಬೆಳಗಾವಿ ಜಿಲ್ಲೆಯ ಲೆಕ್ಕ ಹೀಗೆ ಸಾಗುತ್ತದೆ. 1872ರಿಂದ 1881ರ ನಡುವೆ ಜನಸಂಖ್ಯೆ ಶೇಕಡಾ 8ರಷ್ಟು ಕುಸಿಯಿತು. 1881ರಿಂದ 1891ರ ನಡುವೆ ಶೇಕಡಾ 17ರಷ್ಟು ಏರಿ 10 ಲಕ್ಷ 13 ಸಾವಿರ ದಾಟಿತು. 1901ರಲ್ಲಿ ಮತ್ತೆ ಶೇಕಡಾ 2ರಷ್ಟು ಇಳಿದು 9,93,976 ಆಯಿತು. ಮೂವತ್ತು ವರ್ಷಗಳಲ್ಲಿ ಒಮ್ಮೆ ಇಳಿತ, ಒಮ್ಮೆ ಭಾರಿ ಏರಿಕೆ, ಮತ್ತೆ ಇಳಿತ.

ಮೊದಲ ಇಳಿತದ ಹಿಂದೆ 1876-78ರ ಮಹಾ ಬರವಿದೆ. ಹಿರಿಯರು ಸಂವತ್ಸರದ ಹೆಸರು ಹಿಡಿದು ಅದನ್ನು ಧಾತು ಈಶ್ವರ ಬರ ಎನ್ನುತ್ತಿದ್ದರು. ಮಳೆ ಚೆನ್ನಾಗಿರುವ ಖಾನಾಪುರದ ಮಲೆನಾಡಿಗಿಂತ ಪೂರ್ವದ ಒಣ ತಾಲೂಕುಗಳು ಹೆಚ್ಚು ನೊಂದವು. ಇಂತಹ ಬರದಲ್ಲಿ ನಾಲ್ಕು ಬಾಗಿಲುಗಳೂ ಒಮ್ಮೆಲೇ ಅಲುಗಾಡುತ್ತವೆ. ಸಾವು ಹೆಚ್ಚುತ್ತದೆ, ಹುಟ್ಟು ತಗ್ಗುತ್ತದೆ, ಜನ ಊರು ಬಿಟ್ಟು ಹೋಗುತ್ತಾರೆ, ಬರುವವರು ಯಾರೂ ಇರುವುದಿಲ್ಲ.

ಮುಂದಿನ ಹತ್ತು ವರ್ಷಗಳ ಏರಿಕೆಗೆ ಕಾರಣವೇನು? ಬರ ಮೊದಲು ಎಳೆಯ ಮಕ್ಕಳನ್ನೂ ಮುದುಕರನ್ನೂ ಒಯ್ಯುತ್ತದೆ. ಉಳಿದವರಲ್ಲಿ ಮಕ್ಕಳನ್ನು ಪಡೆಯುವ ವಯಸ್ಸಿನವರ ಪಾಲು ಹೆಚ್ಚಾಗಿರುತ್ತದೆ. ಊರು ಬಿಟ್ಟವರು ಮರಳುತ್ತಾರೆ, ನಿಂತ ಮದುವೆಗಳು ನಡೆಯುತ್ತವೆ, ಬೀಳುಬಿದ್ದ ಹೊಲಗಳು ಮತ್ತೆ ಉಳುಮೆಗೆ ಸಿಗುತ್ತವೆ. ಒಟ್ಟು ತಲೆಗಳ ಲೆಕ್ಕವೊಂದೇ ಸಾಲದು, ಯಾವ ವಯಸ್ಸಿನವರು ಎಷ್ಟಿದ್ದಾರೆ ಎಂಬುದೂ ಬೇಕು ಎಂಬ ಪಾಠ ಇಲ್ಲಿದೆ. ಶಾಸ್ತ್ರದಲ್ಲಿ ಇದಕ್ಕೆ ವಯೋರಚನೆ ಎಂದು ಹೆಸರು.

1891ರಲ್ಲಿ ಯಾರಾದರೂ ಗುಮಾಸ್ತ ಈ ಶೇಕಡಾ 17ನ್ನೇ ಹಿಡಿದು ಮುಂದಿನ ಖಾನೆಸುಮಾರಿಯ ಲೆಕ್ಕ ಹಾಕಿದ್ದರೆ, 1901ರಲ್ಲಿ ಜಿಲ್ಲೆಯಲ್ಲಿ 11 ಲಕ್ಷ 85 ಸಾವಿರ ಜನ ಇರಬೇಕಾಗಿತ್ತು. ಅವನ ಕೂಡಿಕೆ, ಗುಣಾಕಾರ ಎಲ್ಲವೂ ಸರಿ. ಆದರೂ ನಿಜಕ್ಕಿಂತ 1 ಲಕ್ಷ 91 ಸಾವಿರ ಹೆಚ್ಚು. ಒಂದು ದಶಕದ ದರವನ್ನು ಹಣೆಬರಹವೆಂದು ತಿಳಿದದ್ದೇ ಅವನ ತಪ್ಪಾಗುತ್ತಿತ್ತು.

ಈ ತಪ್ಪು ಇಂದಿಗೂ ಹೋಗಿಲ್ಲ, ಅದಕ್ಕೆ ದ್ವೇಷದ ಬಣ್ಣವೂ ಸೇರಿದೆ. ಇಂತಹ ಸಮುದಾಯ ಇಷ್ಟು ವರ್ಷಗಳಲ್ಲಿ ಬಹುಸಂಖ್ಯಾತವಾಗಿಬಿಡುತ್ತದೆ ಎಂಬ ಭಾಷಣಗಳನ್ನು ನಾವು ಕೇಳುತ್ತಲೇ ಇರುತ್ತೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನೇ ನೋಡಿ. 1992-93ರಲ್ಲಿ ಒಬ್ಬ ಮುಸ್ಲಿಮ್ ಮಹಿಳೆಗೆ ಸರಾಸರಿ 4.4 ಮಕ್ಕಳು, ಹಿಂದೂ ಮಹಿಳೆಗೆ 3.3. 2019-21ರ ಹೊತ್ತಿಗೆ ಅದು ಕ್ರಮವಾಗಿ 2.4 ಮತ್ತು 1.9ರ ಆಸುಪಾಸಿಗೆ ಇಳಿದಿದೆ. ಎರಡೂ ಗೆರೆಗಳು ಇಳಿಯುತ್ತಿವೆ, ನಡುವಿನ ಅಂತರವೂ ಅರ್ಧಕ್ಕಿಂತ ಕಡಿಮೆಯಾಗಿದೆ. ಶಾಲೆ, ಆಸ್ಪತ್ರೆ, ಹೆಣ್ಣುಮಕ್ಕಳ ಓದು ತಲುಪಿದಲ್ಲೆಲ್ಲ ಹುಟ್ಟಿನ ದರ ತಗ್ಗುತ್ತದೆ. ಹಳೆಯ ದರವನ್ನು ಮುಂದಕ್ಕೆಳೆದು ಭಯ ಹುಟ್ಟಿಸುವವರು ಆ ಗುಮಾಸ್ತನಷ್ಟೂ ಪ್ರಾಮಾಣಿಕರಲ್ಲ. ಅವನ ಮುಂದೆ ಮುಂದಿನ ಖಾನೆಸುಮಾರಿ ಇರಲಿಲ್ಲ, ಇವರ ಮುಂದೆ ಎಲ್ಲ ಸಮೀಕ್ಷೆಗಳೂ ಇವೆ.

ಇಲಿ ಬಿದ್ದ ವರ್ಷಗಳು

ಆ ಗುಮಾಸ್ತ ಊಹಿಸಲಾಗದ್ದು ಯಾವುದು? ಪ್ಲೇಗ್. 1896ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಈ ರೋಗ ರೈಲು, ದವಸದ ಚೀಲ, ಸಂತೆಗಳ ದಾರಿ ಹಿಡಿದು ಉತ್ತರ ಕರ್ನಾಟಕಕ್ಕೆ ಇಳಿಯಿತು. ದಂಡಿನ ಊರೂ ಪೇಟೆಯ ಊರೂ ಆಗಿದ್ದ ಬೆಳಗಾವಿ ಸದರ್ನ್ ಮರಾಠಾ ರೈಲ್ವೆಯ ಹಾದಿಯಲ್ಲೇ ಇತ್ತು. ಬರವೂ ಪ್ಲೇಗೂ ಕೂಡಿದ ಆ ದಶಕದಲ್ಲಿ ಬೆಳಗಾವಿ ನಗರದ ಜನಸಂಖ್ಯೆ ಕೂಡ ಇಳಿದು 1901ರಲ್ಲಿ 36,878ಕ್ಕೆ ಬಂದಿತ್ತು.

ಆ ಕಾಲದವರ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಮಾತೊಂದಿತ್ತು. ಜಂತಿಯಿಂದ ಸತ್ತ ಇಲಿ ಬಿದ್ದರೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ವಿಜ್ಞಾನ ಇದನ್ನು ಖಚಿತಪಡಿಸಿದ್ದು ಆಮೇಲೆ. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮೋಂ, ಇಲಿಯಿಂದ ಇಲಿಗೆ ರೋಗ ಒಯ್ಯುವುದು ಚಿಗಟ ಎಂದು ತೋರಿಸಿದ. 1905ರ ನಂತರ ಮುಂಬಯಿಯಲ್ಲಿ ಪ್ಲೇಗ್ ಸಂಶೋಧನಾ ಆಯೋಗ ಅದನ್ನು ದೃಢಪಡಿಸಿತು. ಇಲಿ ಸತ್ತಾಗ ಚಿಗಟಗಳಿಗೆ ಬೇರೆ ರಕ್ತ ಬೇಕಾಗುತ್ತದೆ, ಹತ್ತಿರ ಸಿಗುವವನು ಮನುಷ್ಯ. ಹಾಗಾಗಿ ಊರು ಬಿಡುವ ಜನರ ಪದ್ಧತಿ ಮೂಢನಂಬಿಕೆಯಾಗಿರಲಿಲ್ಲ. ದಟ್ಟಣೆಯನ್ನು ಒಡೆಯುವುದೇ ಅದರ ಒಳಗುಟ್ಟು. ಇಬ್ನ್ ಖಲ್ದೂನ್ ಕೇಳಿದ್ದ ‘ನಡುವಿನ ಬಯಲು’ ಅದು.

ಪ್ಲೇಗಿನ ಅಲೆ ಕೊನೆಯ ಇಲಿ ಸಾಯುವವರೆಗೂ ಏಕೆ ಮುಂದುವರಿಯುವುದಿಲ್ಲ? ರೋಗಕ್ಕೆ ಬಲಿಯಾಗಬಲ್ಲ ಜೀವಿಗಳ ದಟ್ಟಣೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ರೋಗ ಒಂದರಿಂದ ಇನ್ನೊಂದಕ್ಕೆ ದಾಟಲಾರದು, ತಾನಾಗಿ ಕುಗ್ಗುತ್ತದೆ. 1927ರಲ್ಲಿ ಕರ್ಮ್ಯಾಕ್ ಮತ್ತು ಅದೇ ಮೆಕೆಂಡ್ರಿಕ್ ಈ ಹೊಸ್ತಿಲಿನ ಗಣಿತವನ್ನು ಬರೆದಾಗ, ಹೋಲಿಸಿ ನೋಡಲು ಅವರು ಬಳಸಿದ್ದು 1905-06ರ ಮುಂಬಯಿ ಪ್ಲೇಗಿನ ಸಾವುಗಳ ಲೆಕ್ಕವನ್ನು. ಕೊರೋನಾ ಕಾಲದಲ್ಲಿ ನಾವು ದಿನವೂ ಕೇಳಿದ ಲೆಕ್ಕಾಚಾರಗಳ ಅಜ್ಜ ಈ ಲೇಖನ.

ಆ ಪಾಠ ಹಳತಾಗಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ಬಯಲಿನಲ್ಲಿ ಹರಡಿಕೊಂಡ ಜಿಂಕೆಗಳಿಗೆ ಒಂದು ಬೇನೆ ಬಂದರೆ ಕೆಲವು ಸಾಯುತ್ತವೆ, ಕೆಲವು ದೂರ ಸರಿದು ಉಳಿಯುತ್ತವೆ. ಬೇಲಿಯೊಳಗೆ ವಲಸೆಯ ಎರಡೂ ಬಾಗಿಲುಗಳು ಮುಚ್ಚಿರುತ್ತವೆ. ಅಲ್ಲಿ ಉಳಿಯುವುದು ಹುಟ್ಟು ಮತ್ತು ಸಾವು ಎರಡೇ.

ಇಲಿಯ ಲೆಕ್ಕ, ಬಾವಲಿಯ ಲೆಕ್ಕ

ಪ್ಲೇಗಿನಲ್ಲಿ ಅಷ್ಟೊಂದು ಇಲಿಗಳು ಸತ್ತರೂ ಬೆಳಗಾವಿಯ ಪೇಟೆಯಲ್ಲಿ ಇಲಿ ಇಲ್ಲದ ವರ್ಷವಿಲ್ಲ. ಕಾರಣ ಅದರ ಬದುಕಿನ ಕ್ರಮ. ಇಲಿ ಗರ್ಭ ಹೊರುವುದು ಮೂರು ವಾರ ಮಾತ್ರ. ಲೆಕ್ಕಕ್ಕೆಂದು ಒಂದು ಜೋಡಿ ನಾಲ್ಕು ತಿಂಗಳಿಗೊಮ್ಮೆ ಆರು ಮರಿ ಹಾಕುತ್ತದೆ, ಎಲ್ಲವೂ ಉಳಿದು ತಾವೂ ಮರಿ ಹಾಕುತ್ತವೆ ಎಂದುಕೊಳ್ಳಿ. ಎರಡು ಎಂಟಾಗುತ್ತದೆ, ಎಂಟು ಮೂವತ್ತೆರಡು, ವರ್ಷ ತುಂಬುವಾಗ 128. ಎರಡನೆಯ ವರ್ಷ ಮುಗಿಯುವಾಗ 8,192. ನಿಜ ಜೀವನದಲ್ಲಿ ಬೆಕ್ಕು, ಹಾವು, ಗೂಬೆ, ಹಸಿವು, ರೋಗ ಎಲ್ಲವೂ ಸೇರಿ ಇದನ್ನು ತಡೆಯುತ್ತವೆ. ಆದರೆ ತಡೆ ಸ್ವಲ್ಪ ಸಡಿಲಾದರೂ ಸಾಕು, ಇಲಿ ಮತ್ತೆ ತುಂಬಿಕೊಳ್ಳುತ್ತದೆ.

ಈಗ ಪೇಟೆಯಿಂದ ಖಾನಾಪುರದ ಕಾಡಿಗೆ ಹೋಗೋಣ. ತಳೇವಾಡಿಯ ಹತ್ತಿರ ಬಾರಾಪೇಡೆ ಎಂಬ ಗುಹೆಯಿದೆ. ಅಲ್ಲಿ ದೊರೆತ ಒಂದು ಬಾವಲಿಯನ್ನು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ರಾಟನ್ ಹೆಸರನ್ನು ಅದಕ್ಕಿಟ್ಟ. ಆಮೇಲೆ ಎಂಬತ್ತಕ್ಕೂ ಹೆಚ್ಚು ವರ್ಷ ಈ ಜಾತಿ ಲೋಕದಲ್ಲಿ ಬೇರೆಲ್ಲೂ ಯಾರ ಕಣ್ಣಿಗೂ ಬೀಳಲಿಲ್ಲ. 2000ದ ನಂತರವೇ ಕಾಂಬೋಡಿಯಾದಿಂದಲೂ ಮೇಘಾಲಯದ ಗುಹೆಗಳಿಂದಲೂ ಸುದ್ದಿ ಬಂದದ್ದು. ದೇಶದ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಬಹುಕಾಲ ಎರಡೇ ಬಾವಲಿ ಜಾತಿಗಳಿಗಿತ್ತು. ಒಂದು ಇದು, ಇನ್ನೊಂದು ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಹೆಸರು ಹೊತ್ತ ಹಣ್ಣುಬಾವಲಿ.

ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಉದಾಹರಣೆಗೆ ಒಂದು ಗುಹೆಯಲ್ಲಿ ನೂರು ಬಾವಲಿಗಳಿವೆ, ಅರ್ಧ ಹೆಣ್ಣು ಎಂದಿಟ್ಟುಕೊಳ್ಳಿ. ಐವತ್ತು ಮರಿ ಹುಟ್ಟಿ, ಅರ್ಧ ಉಳಿದರೆ ಇಪ್ಪತ್ತೈದು ಸೇರಿದವು. ದೊಡ್ಡವುಗಳಲ್ಲಿ ಐದಕ್ಕೊಂದು ಸತ್ತರೆ ಇಪ್ಪತ್ತು ಹೋದವು. ವರ್ಷದ ಕೊನೆಗೆ ಲಾಭ ಐದು. ಒಂದು ದಿನ ಯಾರೋ ಗುಹೆಯೊಳಗೆ ಬೆಂಕಿ ಹಾಕಿ ಹೊಗೆಯೆಬ್ಬಿಸಿ ಇಪ್ಪತ್ತೈದು ಸತ್ತವೆನ್ನಿ. ಮತ್ತೆ ನೂರಾಗಲು ಸುಮಾರು ಆರು ವರ್ಷ ಬೇಕು. ಅದೂ ನಡುವೆ ಇನ್ನೊಂದು ಕೇಡು ಒದಗದಿದ್ದರೆ. ಸಂಖ್ಯೆ ತೀರ ಚಿಕ್ಕದಾದಾಗ ಇನ್ನೂ ಒಂದು ತೊಂದರೆಯಿದೆ. ಗುಂಪಾಗಿ ನೇತಾಡುವ ಅನೇಕ ಬಾವಲಿಗಳು ಮೈಬಿಸಿಯನ್ನು ಹಂಚಿಕೊಳ್ಳುತ್ತವೆ, ಗುಂಪು ಕರಗಿದರೆ ಆ ಬಿಸಿಯೂ ಕರಗುತ್ತದೆ. ದಟ್ಟಣೆ ಹೆಚ್ಚಾದರೆ ಕೇಡು ಎಂಬ ಮಾತಿನ ಇನ್ನೊಂದು ಮಗ್ಗುಲು ಇದು: ಕೆಲವು ಜೀವಿಗಳಿಗೆ ದಟ್ಟಣೆ ಕಡಿಮೆಯಾಗುವುದೂ ಕೇಡೇ. ಅಮೆರಿಕದ ಆಲೀ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ.

ಗಡಿ ಅರಿಯದ ಹುಲಿ

ಇಂಗ್ಲಿಷ್ ಸರಕಾರ ಒಂದು ಕಾಲದಲ್ಲಿ ಹುಲಿ ಕೊಂದವರಿಗೆ ಇನಾಮು ಕೊಡುತ್ತಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಹುಲಿ ಯೋಜನೆ ಬಂತು. ಖಾನಾಪುರದ ಭೀಮಗಡ ವನ್ಯಜೀವಿಧಾಮವಾಗಿ ಘೋಷಣೆಯಾದದ್ದು 2011ರ ಡಿಸೆಂಬರ್‌ನಲ್ಲಿ, ವಿಸ್ತೀರ್ಣ 190.42 ಚದರ ಕಿಲೋಮೀಟರ್. ಒಂಟಿ ಕಾಡಾಗಿ ನೋಡಿದರೆ ಹುಲಿಗಳಿಗೆ ಇದು ಸಣ್ಣ ಜಾಗ. ಒಂದು ಗಂಡು ಹುಲಿಗೇ ಹತ್ತಾರು ಚದರ ಕಿಲೋಮೀಟರ್ ಬೇಕಾಗುತ್ತದೆ. ಆದರೆ ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ, ಪಶ್ಚಿಮಕ್ಕೆ ಗೋವೆಯ ಮಹಾದಾಯಿ ಅಭಯಾರಣ್ಯವಿದೆ. ತುಣುಕು ತುಣುಕಾದ ಕಾಡುಗಳು ವಲಸೆಯ ಬಾಗಿಲಿನಿಂದ ಬೆಸೆದುಕೊಂಡಾಗ, ಒಂದು ತುಣುಕಿನಲ್ಲಿ ಅಳಿದದ್ದನ್ನು ಇನ್ನೊಂದು ತುಂಬಿಕೊಡುತ್ತದೆ.

ಹಾಗೆಯೇ ಒಂದು ತುಣುಕಿನ ನಷ್ಟ ಎಲ್ಲದರ ನಷ್ಟ. 2020ರ ಜನವರಿಯಲ್ಲಿ ಗೋವೆಯ ಸತ್ತರಿ ತಾಲೂಕಿನ ಗೋಳಾವಳಿಯಲ್ಲಿ ಒಂದು ತಾಯಿ ಹುಲಿ ಮತ್ತು ಮೂರು ಮರಿಗಳು ವಿಷದಿಂದ ಸತ್ತವು. ಸುದ್ದಿಯಲ್ಲಿ ಅವು ಗೋವೆಯ ಹುಲಿಗಳು. ಲೆಕ್ಕದಲ್ಲಿ ಅವು ಭೀಮಗಡದ, ಕಾಳಿಯ ಹುಲಿಗಳೂ ಹೌದು. ಮಹಾದಾಯಿ ನೀರಿಗಾಗಿ ಎರಡು ರಾಜ್ಯಗಳು ಎಷ್ಟೋ ವರ್ಷ ಕಾದಾಡಿವೆ. ಅದೇ ಕಣಿವೆಯ ಹುಲಿಯನ್ನು ಮಾತ್ರ ಎರಡೂ ರಾಜ್ಯಗಳು ಕೂಡಿಯೇ ಉಳಿಸಬೇಕಾಗಿದೆ.

ಮನುಷ್ಯನ ಧಾರಣಾ ಸಾಮರ್ಥ್ಯ

1901ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 83 ಜನರಿದ್ದರು. 1956ರಲ್ಲಿ ಚಂದಗಡ ಮುಂಬಯಿ ರಾಜ್ಯಕ್ಕೆ ಹೋದದ್ದೂ ಸೇರಿ ಗಡಿಗಳು ಬದಲಾಗಿವೆ, ನಿಜ. ಆದರೂ 2011ರ ಜನಗಣತಿಯಲ್ಲಿ ಅದೇ ಅಂಕಿ 356. ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾದರೆ ಧಾರಣಾ ಸಾಮರ್ಥ್ಯದ ಮಾತು ಸುಳ್ಳೇ? ಸುಳ್ಳಲ್ಲ. ಮನುಷ್ಯನ ಮಟ್ಟಿಗೆ ಅದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ, ಅಷ್ಟೆ. ಕಾಲುವೆ, ರೈಲು, ಪಡಿತರ ಅದನ್ನು ಮೇಲಕ್ಕೆ ಸರಿಸಿದವು. ಸಿಡುಬಿನ ಲಸಿಕೆ ಸಾವಿನ ಬಾಗಿಲನ್ನು ಅರ್ಧ ಮುಚ್ಚಿತು. ಆ ಲಸಿಕೆಯನ್ನು ತಯಾರಿಸುವ ಸಂಸ್ಥೆ ಬೆಳಗಾವಿಯಲ್ಲೇ ಇತ್ತು. ಗೆರೆ ಮೇಲೆ ಸರಿದಾಗ ಅದರ ಖರ್ಚನ್ನು ಯಾರು ತೆತ್ತರು ಎಂದು ಕೇಳುವುದು ಮಾತ್ರ ಉಳಿಯುತ್ತದೆ. ಅನೇಕ ವೇಳೆ ತೆತ್ತವರು ಕಾಡು, ನದಿ ಮತ್ತು ಅವುಗಳ ಅಂಚಿನ ಬಡವರು.

ಭೀಮಗಡದೊಳಗೆ 13 ಹಳ್ಳಿಗಳಿವೆ. ರಸ್ತೆಯಿಲ್ಲ, ಮಳೆಗಾಲದಲ್ಲಿ ರೋಗಿಯನ್ನು ಹೊತ್ತು ಸಾಗಿಸಬೇಕು ಎಂಬುದು ಅಲ್ಲಿನವರ ಹಳೆಯ ಅಳಲು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿ ಪರಿಹಾರದ ಯೋಜನೆಯಡಿ ಮೊದಲ ಕಂತು ಕೊಟ್ಟು ಸ್ಥಳಾಂತರ ಆರಂಭಿಸಲಾಯಿತು. ಬಾವಲಿಗಳ ಬಾರಾಪೇಡೆ ಇರುವುದು ಈ ಊರಿನ ಹತ್ತಿರವೇ ಎಂಬುದನ್ನು ಗಮನಿಸಬೇಕು. ಒಂದೇ ನೆಲದಲ್ಲಿ ಎರಡು ಸಣ್ಣ ಸಮುದಾಯಗಳು. ಒಂದು ಎಲ್ಲಿಗೂ ಹೋಗಲಾರದು, ಇನ್ನೊಂದನ್ನು ಹೋಗು ಎನ್ನಲಾಗಿದೆ.

ಕಾಡಿಗೆ ಇಷ್ಟೇ ಜೀವಿಗಳನ್ನು ಸಾಕುವ ಶಕ್ತಿಯಿದೆ, ಆದ್ದರಿಂದ ಜನ ಹೊರಡಲಿ ಎನ್ನುವುದು ಸುಲಭ. ಆದರೆ ಪರಿಸರ ವಿಜ್ಞಾನ ಇಷ್ಟು ಬೇಗ ತೀರ್ಪು ಕೊಡುವುದಿಲ್ಲ. ಹುಲಿಗೆ ನಿಶ್ಶಬ್ದವಾದ ವಿಶಾಲ ನೆಲ ಬೇಕು, ಅದು ನಿಜ. ಬಾವಲಿಗೆ ಬೇಕಾದದ್ದು ಗುಹೆಯ ಶಾಂತಿ. ಅದನ್ನು ಕೆಡಿಸುವವರು ಹಳ್ಳಿಗರೇ ಆಗಬೇಕೆಂದಿಲ್ಲ, ಪ್ರವಾಸಿಗರೂ ಆಗಬಹುದು. ಅತಿ ಮುಖ್ಯ ವನ್ಯಜೀವಿ ನೆಲೆಗಳಿಂದ ಜನರನ್ನು ಸರಿಸುವ ಮುನ್ನ, ಅವರ ಇರುವಿಕೆಯಿಂದ ಸರಿಪಡಿಸಲಾಗದ ಹಾನಿಯಾಗುತ್ತದೆ, ಸಹಬಾಳ್ವೆಯ ದಾರಿಯಿಲ್ಲ ಎಂದು ತೀರ್ಮಾನವಾಗಬೇಕು, ಗ್ರಾಮಸಭೆಯ ಒಪ್ಪಿಗೆ ಬರಹದಲ್ಲಿ ಇರಬೇಕು ಎಂದು 2006ರ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ಅಂದರೆ ಕಾನೂನು ಕೂಡ ಕೇಳುವುದು ಜೀವಿಸಂಖ್ಯಾ ವಿಜ್ಞಾನದ ಪ್ರಶ್ನೆಯನ್ನೇ.

ಒಪ್ಪಿ ಹೊರಟವರ ನಿರ್ಧಾರವನ್ನು ನಾವು ಗೌರವಿಸಬೇಕು. ಶಾಲೆ, ದವಾಖಾನೆ ಯಾರಿಗೆ ಬೇಡ? ಆದರೆ ಲೆಕ್ಕ ಅಲ್ಲಿಗೆ ಮುಗಿಯಬಾರದು. ಊರು ಖಾಲಿಯಾದ ಮೇಲೆ ಕಡವೆ, ಕಾಡೆಮ್ಮೆ, ಹುಲಿ ಎಷ್ಟಾದವು ಎಂದು ಅರಣ್ಯ ಇಲಾಖೆ ಎಣಿಸುತ್ತದೆ, ಎಣಿಸಲೂ ಬೇಕು. ಅದರಂತೆಯೇ ಹೊರಬಂದ ಆ 27 ಕುಟುಂಬಗಳನ್ನು ಐದು ವರ್ಷದ ನಂತರ, ಹತ್ತು ವರ್ಷದ ನಂತರ ಯಾರಾದರೂ ಎಣಿಸಬೇಕು. ಎಷ್ಟು ಮಂದಿಗೆ ಹೊಲ ದಕ್ಕಿತು, ಎಷ್ಟು ಮಕ್ಕಳು ಶಾಲೆ ಮುಗಿಸಿದರು, ಎಷ್ಟು ಮನೆಗಳು ಸಾಲಕ್ಕೆ ಬಿದ್ದವು, ಎಷ್ಟು ಜನ ಬೆಳಗಾವಿ ಅಥವಾ ಗೋವೆಯ ಕೂಲಿಗೆ ಚದುರಿದರು ಎಂದು ಬರೆದಿಡಬೇಕು. 1872ರಿಂದ ಈ ಜಿಲ್ಲೆಯಲ್ಲಿ ಜನರ ಲೆಕ್ಕ ನಡೆದಿದೆ. ತಳೇವಾಡಿಯ ಲೆಕ್ಕ ಆ ಸಾಲಿನಲ್ಲಿ ತಪ್ಪಿಹೋಗಬಾರದು.